ಒಳ್ಳೆಯ ಬೆಳೆ ಬಂದ ವರ್ಷವೂ ಸಣ್ಣ ರೈತ ಸೋಲುವುದೇಕೆ?

ಪ್ರಶ್ನೆ: ನಾನು ಅರ್ಥಶಾಸ್ತ್ರದ ವಿದ್ಯಾರ್ಥಿನಿ. ಅಭಿವೃದ್ಧಿಶೀಲ ದೇಶಗಳ ಕೃಷಿಯ ಸಂಕಟ ಎಂದೊಡನೆ ಪಾಠದಲ್ಲಿ ಬರ, ನೆರೆ, ಕೀಟಬಾಧೆ ಎಂದೇ ಓದುತ್ತೇವೆ. ಆದರೆ ಮಳೆ ಚೆನ್ನಾಗಿ ಆಗಿ, ಬೆಳೆ ತುಂಬಿ ಬಂದ ವರ್ಷವೂ ಸಣ್ಣ ರೈತ ಸಾಲದಲ್ಲೇ ಉಳಿಯುತ್ತಾನಲ್ಲ, ಅದೇಕೆ? ಇದಕ್ಕೆಲ್ಲ ದಲ್ಲಾಳಿಗಳೇ ಕಾರಣವೇ? ಮಾರುಕಟ್ಟೆಯ ದರ ಮೊಬೈಲಿನಲ್ಲೇ ಸಿಗುವ ಈ ಕಾಲದಲ್ಲೂ ಪರಿಸ್ಥಿತಿ ಬದಲಾಗದಿರುವುದು ಹೇಗೆ?

ಉತ್ತರ: ಬರದ ಬಗ್ಗೆ ಎಲ್ಲರೂ ಬರೆಯುತ್ತಾರೆ, ಏಕೆಂದರೆ ಬರಕ್ಕೊಂದು ಚಿತ್ರವಿದೆ. ಬಿರುಕು ಬಿಟ್ಟ ನೆಲವನ್ನು ಪತ್ರಿಕೆಯ ಮುಖಪುಟದಲ್ಲಿ ಹಾಕಬಹುದು. ಬೆಲೆ ಕುಸಿತಕ್ಕೆ ಅಂಥ ಚಿತ್ರ ಸಿಗುವುದಿಲ್ಲ. ರಸ್ತೆಗೆ ಸುರಿದ ತರಕಾರಿ ಒಂದು ದಿನದ ಸುದ್ದಿಯಾಗುತ್ತದೆ, ಮರುದಿನ ಪೌರಕಾರ್ಮಿಕರು ಅದನ್ನು ಗುಡಿಸಿ ಹಾಕುತ್ತಾರೆ. ಹಾಗಾಗಿ ಈ ಪ್ರಶ್ನೆ ಬಂದದ್ದು ನನಗೆ ಸಂತೋಷ. ನೀವು ಕೇಳಿರುವುದು ಮೂರು ಪ್ರಶ್ನೆಗಳಾದರೂ ನನ್ನ ಉತ್ತರ ಒಂದೇ ಸಂಗತಿಯ ಸುತ್ತ ತಿರುಗುತ್ತದೆ: ಸಣ್ಣ ರೈತನಿಗೆ ಕಾಯುವ ತ್ರಾಣವಿಲ್ಲ. ಅವನು ಬೆಲೆ ನೋಡಿ ಮಾರುವುದಿಲ್ಲ, ಸಾಲದ ಗಡುವು ನೋಡಿ ಮಾರುತ್ತಾನೆ.

ಮೊದಲು ಸ್ವಲ್ಪ ಲೆಕ್ಕ. ಧಾನ್ಯ ಅಗ್ಗವಾಯಿತೆಂದು ಯಾರೂ ದಿನಕ್ಕೆ ಐದು ಹೊತ್ತು ಉಣ್ಣುವುದಿಲ್ಲ, ತುಟ್ಟಿಯಾಯಿತೆಂದು ಉಣ್ಣದೆ ಇರುವುದಕ್ಕೂ ಆಗುವುದಿಲ್ಲ. ಬೇಡಿಕೆಯ ಸ್ಥಿತಿಸ್ಥಾಪಕತ್ವ ಕಡಿಮೆ ಎಂದು ನಿಮ್ಮ ಪಠ್ಯಪುಸ್ತಕ ಹೇಳುವುದು ಇದನ್ನೇ. ಆದರೆ ಪುಸ್ತಕದಲ್ಲಿ ಆ ರೇಖೆಯನ್ನು ಎಳೆದು ಮುಂದಿನ ಅಧ್ಯಾಯಕ್ಕೆ ಹೋಗಿಬಿಡುತ್ತಾರೆ. 1699ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಡೇವೆನಂಟ್ ಒಂದು ಪುಟ್ಟ ಪಟ್ಟಿ ಪ್ರಕಟಿಸಿದ. ಅದರ ಹಿಂದಿನ ಲೆಕ್ಕ ಗ್ರೆಗೊರಿ ಕಿಂಗ್ ಎಂಬಾತನದೆಂದು ಭಾವಿಸಿ ಅದನ್ನು ಕಿಂಗ್ ನಿಯಮ ಎಂದು ಕರೆಯುವುದು ರೂಢಿ. ಅದರ ಪ್ರಕಾರ ಧಾನ್ಯದ ಫಸಲು ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ ಬೆಲೆ ಹತ್ತರಲ್ಲಿ ಮೂರು ಪಾಲು ಏರುತ್ತದೆ. ಫಸಲು ಎರಡು ಪಾಲು ತಗ್ಗಿದರೆ ಬೆಲೆ ಎಂಟು ಪಾಲು ಏರುತ್ತದೆ. ಗುಣಿಸಿ ನೋಡಿ. ನೂರು ಚೀಲಕ್ಕೆ ತಲಾ ನೂರರಂತೆ ಹತ್ತು ಸಾವಿರ ಸಿಗುತ್ತಿದ್ದಲ್ಲಿ, ತೊಂಬತ್ತು ಚೀಲಕ್ಕೆ 11,700 ಸಿಗುತ್ತದೆ, ಎಂಬತ್ತು ಚೀಲಕ್ಕೆ 14,400. ಎಲ್ಲರ ಹೊಲದಲ್ಲೂ ಬೆಳೆ ಕಡಿಮೆಯಾದರೆ ಎಲ್ಲರಿಗೂ ಸೇರಿ ಬರುವ ಹಣ ಹೆಚ್ಚು! ಈ ಲೆಕ್ಕವನ್ನು ತಿರುಗಿಸಿ ಓದಿದರೆ ನಿಮ್ಮ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ. ಅಂಕಿಗಳು ಇಂದಿನ ಯಾವ ಬೆಳೆಗೂ ಹಾಗೆಯೇ ಹೊಂದುವುದಿಲ್ಲ, ಆದರೆ ದಿಕ್ಕು ಅದೇ.

ಅರ್ಧ ಉತ್ತರ ಎಂದದ್ದಕ್ಕೆ ಕಾರಣವಿದೆ. ಸುಗ್ಗಿ ಜೋರಾದಾಗ ಕಳೆದುಕೊಂಡದ್ದನ್ನು ಬೆಳೆ ಕಡಿಮೆಯಾದ ವರ್ಷ ರೈತ ಗಳಿಸಿಕೊಳ್ಳಬೇಕಿತ್ತಲ್ಲವೇ? ದೊಡ್ಡ ಹಿಡುವಳಿಯವನು ಗಳಿಸುತ್ತಾನೆ. ಸಣ್ಣವನ ಬಳಿ ಆ ವರ್ಷ ಮಾರುವುದಕ್ಕೇ ಏನೂ ಉಳಿದಿರುವುದಿಲ್ಲ. ಜಗತ್ತಿನ ಕೃಷಿ ಹಿಡುವಳಿಗಳಲ್ಲಿ ಶೇಕಡಾ 80ಕ್ಕೂ ಹೆಚ್ಚು ಎರಡು ಹೆಕ್ಟೇರಿಗಿಂತ ಚಿಕ್ಕವು. ಅವುಗಳ ಕೈಯಲ್ಲಿರುವುದು ಒಟ್ಟು ಕೃಷಿಭೂಮಿಯ ಎಂಟನೇ ಒಂದು ಭಾಗದಷ್ಟು ಮಾತ್ರ. ಇಂಥ ಕುಟುಂಬಗಳಲ್ಲಿ ಬಹಳಷ್ಟು ವರ್ಷದ ಲೆಕ್ಕದಲ್ಲಿ ಧಾನ್ಯ ಮಾರುವುದಕ್ಕಿಂತ ಕೊಳ್ಳುವುದೇ ಹೆಚ್ಚು. ರೈತನೆಂದರೆ ಮಾರುವವನು ಎಂಬ ಕಲ್ಪನೆಯನ್ನು ದಯವಿಟ್ಟು ಮನಸ್ಸಿನಿಂದ ತೆಗೆದುಹಾಕಿ. ಅಗ್ಗವಾದಾಗ ಮಾರಿ, ತುಟ್ಟಿಯಾದಾಗ ಕೊಳ್ಳುವವನು ಅವನು. ಎರಡೂ ಕಡೆ ಪೆಟ್ಟು ಅವನಿಗೇ.

ಇದು ಎಷ್ಟು ಕ್ರೂರವಾಗಬಲ್ಲದು ಎಂಬುದಕ್ಕೆ ಇಥಿಯೋಪಿಯಾದ ಉದಾಹರಣೆ ಸಾಕು. 2000–01ರಲ್ಲಿ ಅಲ್ಲಿ ಮೆಕ್ಕೆಜೋಳ ಹಿಂದೆಂದೂ ಕಾಣದಷ್ಟು ಬಂತು, ಮರುವರ್ಷವೂ ಬೆಳೆ ಚೆನ್ನಾಗಿತ್ತು. ಸುಧಾರಿತ ಬೀಜ, ಗೊಬ್ಬರ, ಕೃಷಿ ಸಲಹೆ ಎಲ್ಲವನ್ನೂ ಸರಕಾರ ಹಳ್ಳಿಗೆ ಮುಟ್ಟಿಸಿತ್ತು. ತಜ್ಞರು ಹೇಳಿದ್ದನ್ನೆಲ್ಲ ರೈತರು ಮಾಡಿದ್ದರು. ಬೆಲೆ ಅರ್ಧಕ್ಕಿಂತಲೂ ಕೆಳಗೆ ಬಿತ್ತು. ಕೊಯ್ಲಿನ ಕೂಲಿಯೂ ಹುಟ್ಟದೆ ಕೆಲವರು ತೆನೆಯನ್ನು ಹೊಲದಲ್ಲೇ ಬಿಟ್ಟರು. ಗೊಬ್ಬರಕ್ಕೆ ಪಡೆದ ಸಾಲ ತೀರಲಿಲ್ಲ, ಹಾಗಾಗಿ ಮುಂದಿನ ಬಿತ್ತನೆಗೆ ಗೊಬ್ಬರ ಕೊಂಡವರು ಕಡಿಮೆ. ಆಗ ಮಳೆಯೂ ಕೈಕೊಟ್ಟಿತು. 2003ರ ಹೊತ್ತಿಗೆ ಅದೇ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಆಹಾರದ ನೆರವಿಗೆ ಕೈಚಾಚಬೇಕಾಯಿತು. ಆ ವರ್ಷದ ಸುದ್ದಿಯಲ್ಲಿ ಬಂದದ್ದು ಬರ ಮಾತ್ರ. ಹಿಂದಿನ ಸುಗ್ಗಿಯ ಸೋಲು ಆ ಬರದ ಬೆನ್ನಿಗೆ ಅಂಟಿಕೊಂಡಿತ್ತು ಎಂಬುದನ್ನು ಬರೆದವರು ಕಡಿಮೆ. ಈ ಅನುಭವದಿಂದ ಪಾಠ ಕಲಿತು ಎಲೆನಿ ಗೇಬ್ರೆ-ಮಧಿನ್ ಎಂಬ ಅರ್ಥಶಾಸ್ತ್ರಜ್ಞೆ ಮುಂದಾಳಾಗಿ 2008ರಲ್ಲಿ ರಾಜಧಾನಿ ಅಡಿಸ್ ಅಬಾಬದಲ್ಲಿ ಸರಕು ವಿನಿಮಯ ಕೇಂದ್ರ, ಅಂದರೆ ಬೆಳೆಗಳನ್ನು ಒಂದೇ ಕಡೆ ಕೊಂಡು ಮಾರುವ ಸಂಘಟಿತ ಮಾರುಕಟ್ಟೆ, ತೆರೆದರು. ಮೆಕ್ಕೆಜೋಳದ ಸಂಕಟದಿಂದ ಹುಟ್ಟಿದ ಆ ಕೇಂದ್ರ ಮುಖ್ಯವಾಗಿ ಕಾಫಿ ಮತ್ತು ಎಳ್ಳಿನ ವಹಿವಾಟಿನ ಜಾಗವಾಯಿತು ಎಂಬುದು ಬೇರೆ ಮಾತು. ರಫ್ತಿನ ಸರಕಿಗೆ ವ್ಯವಸ್ಥೆ ಕಟ್ಟುವುದು ಯಾವಾಗಲೂ ಸುಲಭ.

ಈಗ ಒಂದೇ ವರ್ಷದ ಒಳಗೆ ನೋಡೋಣ. ನನ್ನ ಮಟ್ಟಿಗೆ ಅಸಲು ಕಥೆ ಇರುವುದು ಅಲ್ಲಿಯೇ. ಪಶ್ಚಿಮ ಕೆನ್ಯಾದಲ್ಲಿ ಮೆಕ್ಕೆಜೋಳದ ಮುಖ್ಯ ಸುಗ್ಗಿ ಮುಗಿಯುವುದು ವರ್ಷದ ಕೊನೆಯಲ್ಲಿ. ಜನವರಿಯಲ್ಲಿ ಮಕ್ಕಳ ಶಾಲಾ ಶುಲ್ಕ ಕಟ್ಟಬೇಕು. ಮನೆಯಲ್ಲಿ ಇರುವ ಆಸ್ತಿಯೆಂದರೆ ಮೂಲೆಯಲ್ಲಿ ಒಟ್ಟಿದ ಚೀಲಗಳು. ಇಡೀ ಸೀಮೆಯ ತಂದೆತಾಯಂದಿರು ಒಂದೇ ತಿಂಗಳಲ್ಲಿ ಒಂದೇ ಸರಕನ್ನು ಹೊತ್ತು ಸಂತೆಗೆ ಹೋದರೆ ಬೆಲೆ ಏನಾಗಬೇಕೋ ಅದೇ ಆಗುತ್ತದೆ. ಐದಾರು ತಿಂಗಳ ನಂತರ ಅದೇ ಧಾನ್ಯದ ಬೆಲೆ ಸಾಮಾನ್ಯವಾಗಿ ಶೇಕಡಾ 25ರಿಂದ 40ರಷ್ಟು ಏರಿರುತ್ತದೆ. ಆಗ ಅದೇ ತಂದೆತಾಯಂದಿರು ತಾವು ಮಾರಿದ್ದನ್ನೇ ಕೊಳ್ಳುವುದಕ್ಕೆ ಹೊರಡುತ್ತಾರೆ. ಇದನ್ನು ಅಜ್ಞಾನ ಎನ್ನಬೇಡಿ. ಬೆಲೆ ಏರುತ್ತದೆಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಅದು ಬಡ್ಡಿಯೇ: ತಮ್ಮ ಕಾಳನ್ನೇ ಒತ್ತೆಯಿಟ್ಟು ಆರು ತಿಂಗಳಿಗೆ ಶೇಕಡಾ 25–40ರ ಬಡ್ಡಿಗೆ ತೆಗೆದ ಸಾಲ. ಅದಕ್ಕೆ ಸಾಲ ಎಂಬ ಹೆಸರಿಲ್ಲ, ಅಷ್ಟೇ.

ಅಲ್ಲಿ ಸಂಶೋಧಕರು ಒಂದು ಸರಳ ಪ್ರಯೋಗ ನಡೆಸಿದರು. ಸಾಮಾನ್ಯವಾಗಿ ಕೃಷಿ ಸಾಲ ಕೊಡುವುದು ಬಿತ್ತನೆಗೆ. ಇವರು ಸುಗ್ಗಿಯ ಹೊತ್ತಿಗೇ ಸಣ್ಣ ಸಾಲ ಕೊಟ್ಟರು. ಕಣಜ ತುಂಬಿರುವವನಿಗೆ ಸಾಲವೇಕೆ ಎಂದು ಯಾವ ಬ್ಯಾಂಕಿನ ಅಧಿಕಾರಿಯಾದರೂ ಕೇಳುತ್ತಿದ್ದ. ಶುಲ್ಕ ಆ ಸಾಲದಲ್ಲಿ ತೀರಿತು, ಚೀಲಗಳು ಮನೆಯಲ್ಲೇ ಉಳಿದವು, ರೈತರು ತಡವಾಗಿ ಮಾರಿ ಲಾಭ ಕಂಡರು. 2019ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ನಿಮ್ಮ ಅಧ್ಯಾಪಕರಿಗೆ ತೋರಿಸಿ. ಇದರ ಇನ್ನೊಂದು ಮುಖವೂ ಇದೆ, ಕೊನೆಯಲ್ಲಿ ಬರುತ್ತೇನೆ.

ಹಣ ಸಿಕ್ಕಿತು ಎಂದುಕೊಳ್ಳೋಣ. ಕಾಳು ಕಾಯುತ್ತದೆಯೇ? ಅಲಸಂದೆಯನ್ನು ತೆಗೆದುಕೊಳ್ಳಿ. ಪಶ್ಚಿಮ ಆಫ್ರಿಕಾದ ಒಣ ಸೀಮೆಯ ಬಡವರಿಗೆ ಅದೇ ಬೇಳೆ, ಅದೇ ರೊಕ್ಕ. ಹೊಲದಲ್ಲಿರುವಾಗಲೇ ದುಂಬಿಯೊಂದು ಕಾಯಿಯ ಮೇಲೆ ಮೊಟ್ಟೆಯಿಡುತ್ತದೆ. ಮರಿ ಕಾಳಿನೊಳಗೆ ಹೊಕ್ಕು ತಿರುಳು ತಿಂದು ದೊಡ್ಡದಾಗುತ್ತದೆ, ಗುಂಡು ಸೂಜಿಯ ತಲೆಯಷ್ಟು ತೂತು ಕೊರೆದು ಹೊರಬರುತ್ತದೆ, ಬಂದದ್ದೇ ಮತ್ತೆ ಮೊಟ್ಟೆ. ಮೂರು ನಾಲ್ಕು ವಾರಕ್ಕೊಂದು ಪೀಳಿಗೆ. ಕೆಲವೇ ತಿಂಗಳಲ್ಲಿ ಗೋಣಿಚೀಲದಲ್ಲಿ ಕಾಳಿಗಿಂತ ತೂತೇ ಹೆಚ್ಚು. ಹೀಗಿರುವಾಗ ಬೆಲೆಗಾಗಿ ಕಾಯಿರಿ ಎಂದು ರೈತಳಿಗೆ ಉಪದೇಶ ಮಾಡುವುದಕ್ಕೆ ಬಾಯಾದರೂ ಹೇಗೆ ಬರುತ್ತದೆ? ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞ ಲ್ಯಾರಿ ಮರ್ಡಾಕ್ ಮತ್ತು ಸಂಗಡಿಗರು 1980ರ ದಶಕದ ಕೊನೆಯಲ್ಲಿ ಕ್ಯಾಮರೂನಿನಲ್ಲಿ ಇದಕ್ಕೆ ಔಷಧವಿಲ್ಲದ ಉಪಾಯ ಕಂಡುಕೊಂಡರು: ಒಳಗೆ ಎರಡು ಪದರ ದಪ್ಪ ಪ್ಲಾಸ್ಟಿಕ್, ಹೊರಗೆ ನೇಯ್ದ ಚೀಲ. ಒಣಗಿದ ಕಾಳು ತುಂಬಿ, ಗಾಳಿ ಹಿಂಡಿ, ಪದರ ಪದರವಾಗಿ ಬಾಯಿ ಬಿಗಿದರೆ ಸಾಕು. ಒಳಗಿರುವ ಹುಳುಗಳೇ ಉಸಿರಾಡಿ ಆಮ್ಲಜನಕವನ್ನು ಮುಗಿಸುತ್ತವೆ, ಅದು ತೀರಿದ ಮೇಲೆ ತಿನ್ನುವುದನ್ನೂ ಮರಿ ಮಾಡುವುದನ್ನೂ ನಿಲ್ಲಿಸುತ್ತವೆ, ಕೊನೆಗೆ ಸಾಯುತ್ತವೆ. ಕಾಳು ಸರಿಯಾಗಿ ಒಣಗಿರದಿದ್ದರೆ ಮಾತ್ರ ಅದೇ ಚೀಲದಲ್ಲಿ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಚೀಲ ಹಂಚಿದವರು ಒಣಗಿಸುವುದನ್ನೂ ಕಲಿಸಬೇಕಾಯಿತು. ಗ್ರಾಮೀಣ ಅಭಿವೃದ್ಧಿಯ ನೂರು ಯೋಜನೆಗಳ ಪೈಕಿ ನನಗೆ ತುಂಬ ಗೌರವವಿರುವುದು ಇಂಥ ಸಪ್ಪೆ ಸರಕುಗಳ ಮೇಲೆ. ಉದ್ಘಾಟನೆಗೆ ಮಂತ್ರಿಗಳನ್ನು ಕರೆಯುವಷ್ಟು ದೊಡ್ಡದಲ್ಲ, ಆದರೆ ಚೀಲ ಕಟ್ಟಿದವಳಿಗೆ ನಾಲ್ಕು ತಿಂಗಳ ಬಿಡುವು ಕೊಡುತ್ತದೆ.

ದಲ್ಲಾಳಿಗಳ ವಿಷಯಕ್ಕೆ ಬರುತ್ತೇನೆ. ಎಲ್ಲಕ್ಕೂ ಅವರೇ ಕಾರಣವೆಂದರೆ ಭಾಷಣಕ್ಕೆ ಚಪ್ಪಾಳೆ ಬೀಳುತ್ತದೆ. ನಾನು ಅಷ್ಟು ಸಲೀಸಾಗಿ ಹೇಳಲಾರೆ. ಹತ್ತು ಹೊಲಗಳಿಂದ ಹತ್ತು ಹತ್ತು ಬುಟ್ಟಿ ಕೂಡಿಸಿ, ವಿಂಗಡಿಸಿ, ಲಾರಿಗೆ ಹೇರಿ, ದಾರಿಯಲ್ಲಿ ಕೊಳೆತದ್ದರ ನಷ್ಟ ಹೊರುವ ಕೆಲಸವನ್ನು ಯಾರಾದರೂ ಮಾಡಲೇಬೇಕು. ಭಾರತದ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು 2024ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಗ್ರಾಹಕ ಟೊಮೆಟೊ, ಈರುಳ್ಳಿ, ಆಲೂಗಡ್ಡೆಗೆ ಕೊಡುವ ಒಂದು ರೂಪಾಯಿಯಲ್ಲಿ ರೈತನಿಗೆ ತಲಪುವುದು ಸುಮಾರು ಮೂರನೇ ಒಂದು ಭಾಗ. ಉಳಿದದ್ದೆಲ್ಲ ಲೂಟಿಯಲ್ಲ. ಬಾಡಿಗೆ, ಹಮಾಲಿ, ಕೊಳೆತ, ಶುಲ್ಕ ಎಲ್ಲವೂ ಅದರಲ್ಲಿವೆ. ಕಷ್ಟ ಶುರುವಾಗುವುದು ವ್ಯಾಪಾರಿಯೇ ಸಾಲ ಕೊಡುವವನೂ ಆದಾಗ. ಬೀಜಕ್ಕೆ, ಮಗಳ ಮದುವೆಗೆ, ಆಸ್ಪತ್ರೆಗೆ ಹಣ ಕೊಟ್ಟವನು ಅವನೇ. ಬೆಳೆ ಹೋಗಬೇಕಾದದ್ದೂ ಅವನ ಅಂಗಡಿಗೇ. ಬ್ಯಾಂಕು ಕೇಳುವ ಕಾಗದಪತ್ರ ಅವನು ಕೇಳುವುದಿಲ್ಲ, ನಡುರಾತ್ರಿ ಬಾಗಿಲು ತಟ್ಟಿದರೂ ಕೊಡುತ್ತಾನೆ. ಅವನನ್ನು ತೆಗೆದುಹಾಕಬೇಕೆನ್ನುವವರು ಆ ನಡುರಾತ್ರಿಗೆ ಏನು ಏರ್ಪಾಟು ಮಾಡಿದ್ದೀರಿ ಎಂಬುದನ್ನು ಮೊದಲು ಹೇಳಬೇಕು.

ಮೊಬೈಲಿನ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. 1997ರ ಜನವರಿ 14ರ ಬೆಳಗ್ಗೆ ಕೇರಳದ ವಡಕರ ಕಡಲದಂಡೆಯಲ್ಲಿ ಹನ್ನೊಂದು ದೋಣಿಗಳ ಬೈಗೆ (ಬೂತಾಯಿ) ಮೀನಿಗೆ ಗಿರಾಕಿಯಿರಲಿಲ್ಲ. ಹದಿನೈದು ಕಿಲೋಮೀಟರ್ ಒಳಗಿನ ಬೇರೆ ದಂಡೆಗಳಲ್ಲಿ ಕೊಳ್ಳುವವರು ಮೀನಿಲ್ಲದೆ ಬರಿಗೈಯಲ್ಲಿ ಮರಳುವುದರಲ್ಲಿದ್ದರು. ಇದನ್ನು ದಾಖಲಿಸಿದ ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್, ಮುಂದಿನ ನಾಲ್ಕು ವರ್ಷಗಳಲ್ಲಿ ಮೊಬೈಲ್ ಗೋಪುರಗಳು ಕರಾವಳಿಯುದ್ದಕ್ಕೂ ಎದ್ದಂತೆ ಏನಾಯಿತೆಂದು ನೋಡಿದರು. ದೋಣಿಯಿಂದಲೇ ಫೋನ್ ಮಾಡಿ ಯಾವ ದಂಡೆಗೆ ಹೋಗಬೇಕೆಂದು ತೀರ್ಮಾನಿಸುವುದು ಶುರುವಾಯಿತು. ಎಸೆಯುವ ಮೀನು ಹೆಚ್ಚುಕಡಿಮೆ ಇಲ್ಲವಾಯಿತು, ಮೀನುಗಾರರ ಲಾಭ ಸರಾಸರಿ ಶೇಕಡಾ 8ರಷ್ಟು ಹೆಚ್ಚಿತು, ಗ್ರಾಹಕರ ಬೆಲೆ ಶೇಕಡಾ 4ರಷ್ಟು ಇಳಿಯಿತು. ಈ ಅಧ್ಯಯನ 2007ರಲ್ಲಿ ಹೊರಬಂದದ್ದೇ ತಡ, ದರದ ಮಾಹಿತಿಯೇ ಮಂತ್ರದಂಡ ಎಂಬ ಉತ್ಸಾಹ ಎಲ್ಲೆಡೆ ಹಬ್ಬಿತು. ಆದರೆ ಮಹಾರಾಷ್ಟ್ರದ ನೂರು ಹಳ್ಳಿಗಳಲ್ಲಿ ಮೊಬೈಲ್ ಸಂದೇಶದ ಮೂಲಕ ದರ ತಿಳಿಸಿ ನೋಡಿದ, 2012ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ರೈತರಿಗೆ ಸಿಕ್ಕ ಬೆಲೆಯಲ್ಲಿ ಗಮನಿಸುವಂಥ ವ್ಯತ್ಯಾಸವೇ ಕಾಣಲಿಲ್ಲ.

ನನ್ನ ಓದು ಇಷ್ಟು: ಮೀನುಗಾರನಿಗೆ ದೋಣಿಯಿತ್ತು. ಸುದ್ದಿ ತಿಳಿದ ಕ್ಷಣ ಚುಕ್ಕಾಣಿ ತಿರುಗಿಸಬಲ್ಲವನಾಗಿದ್ದ. ಎರಡು ಬುಟ್ಟಿ ತರಕಾರಿ ಇಟ್ಟುಕೊಂಡು, ಲಾರಿಗೆ ಕಾಯುತ್ತ, ಒಬ್ಬನೇ ವ್ಯಾಪಾರಿಯ ಸಾಲದಲ್ಲಿರುವವನಿಗೆ ಎಂಬತ್ತು ಕಿಲೋಮೀಟರ್ ದೂರದ ಒಳ್ಳೆಯ ದರ ತಿಳಿದರೆ ಹೊಟ್ಟೆ ಉರಿಯಬಹುದು, ಬೇರೇನೂ ಆಗುವುದಿಲ್ಲ.

ಕಾಯುವುದಕ್ಕೇ ಆಗದ ಸರಕಿನ ಗತಿಯೇನು ಎಂದು ನೀವು ಕೇಳಬಹುದು. ಹಾಲಿಗಿಂತ ಅವಸರದ ಸರಕು ಇನ್ನೊಂದಿಲ್ಲ. ಆದರೂ ಬಡ ದೇಶಗಳ ಕೃಷಿಯಲ್ಲಿ ಗೆದ್ದ ಉದಾಹರಣೆ ಕೊಡಿ ಎಂದರೆ ಎಲ್ಲರೂ ಹೇಳುವುದು ಗುಜರಾತಿನ ಖೇಡಾ ಜಿಲ್ಲೆಯ ಹಾಲಿನ ಸಹಕಾರ ಸಂಘವನ್ನು, ಅಂದರೆ ಅಮುಲ್ ಅನ್ನು. 1946ರಲ್ಲಿ ಆರಂಭವಾದ ಆ ಸಂಘದ ಬಗ್ಗೆ ಹೇಳುವಾಗ ಒಗ್ಗಟ್ಟು, ನಾಯಕತ್ವ, ವರ್ಗೀಸ್ ಕುರಿಯನ್ ಎಂಬ ಮಾತು ಬರುತ್ತದೆ. ಸರಿಯೇ. ನಾನು ಬೆರಳಿಟ್ಟು ತೋರಿಸುವುದು ಒಂದು ಯಂತ್ರವನ್ನು. ಚಳಿಗಾಲದಲ್ಲಿ ಎಮ್ಮೆಗಳು ಹೆಚ್ಚು ಹಾಲು ಕೊಡುತ್ತವೆ, ಮುಂಬಯಿ ಅಷ್ಟನ್ನೂ ಕೊಳ್ಳುತ್ತಿರಲಿಲ್ಲ. ಉಳಿದ ಹಾಲನ್ನು ಪುಡಿ ಮಾಡಿ ಇಡೋಣವೆಂದರೆ ಎಮ್ಮೆಯ ಹಾಲಿನಿಂದ ಪುಡಿ ಮಾಡಲಾಗದೆಂದು ಹೊರದೇಶದ ತಜ್ಞರು ತಲೆಯಾಡಿಸಿಬಿಟ್ಟಿದ್ದರು. ಸಂಘದ ಹಾಲಿನ ತಂತ್ರಜ್ಞ ಎಚ್. ಎಂ. ದಲಾಯಾ ಅದನ್ನು ಮಾಡಿ ತೋರಿಸಿದರು. 1955ರಲ್ಲಿ ಸಂಘದ ಊರಾದ ಆಣಂದದಲ್ಲಿ ಪುಡಿಯ ಕಾರ್ಖಾನೆ ಎದ್ದಿತು. ಅಲ್ಲಿಂದ ಚಳಿಗಾಲದ ಹಾಲು ಬೇಸಿಗೆಯವರೆಗೆ ಕಾಯುವುದು ಸಾಧ್ಯವಾಯಿತು. ಒಂದೆರಡು ಎಮ್ಮೆ ಕಟ್ಟಿಕೊಂಡ ಮನೆಯವಳು ಬೆಳಗ್ಗೆ ಸಂಜೆ ಹಾಲು ಹಾಕಿ ಹಣ ಪಡೆಯುತ್ತಾಳೆ, ಅವಳ ಪರವಾಗಿ ಕಾಯುವ ಕೆಲಸವನ್ನು ಸಂಘ ಮಾಡುತ್ತದೆ. ಟೊಮೆಟೊಗೆ ಇಂಥ ಏರ್ಪಾಟು ಎಲ್ಲಿದೆ? ಭಾರತದ ಶೀತಲಗೃಹಗಳಲ್ಲಿ ಬಹುಪಾಲು ಜಾಗ ಆಲೂಗಡ್ಡೆಗೇ ಮೀಸಲು.

ಸರಕಾರಗಳ ಬಗ್ಗೆ ಒಂದು ತಕರಾರು ಹೇಳಿಯೇ ಮುಂದೆ ಹೋಗುತ್ತೇನೆ. ಹೇಗೋ ಕಷ್ಟಪಟ್ಟು ಕಾದವನಿಗೆ ಕೊನೆಯ ಪೆಟ್ಟು ಬೀಳುವುದು ಎಷ್ಟೋ ಸಲ ಅಲ್ಲಿಂದಲೇ. ಬೆಲೆ ಬಿದ್ದಾಗ ಸಮಿತಿ ಕೂರುತ್ತದೆ, ಏರಿದಾಗ ರಾತ್ರೋರಾತ್ರಿ ಆದೇಶ ಹೊರಡುತ್ತದೆ. ಭಾರತದಲ್ಲಿ 2023ರ ಡಿಸೆಂಬರ್‌ನಿಂದ 2024ರ ಮೇ ತಿಂಗಳವರೆಗೆ ಈರುಳ್ಳಿ ರಫ್ತು ನಿಷೇಧವಾಗಿತ್ತು. ಆಫ್ರಿಕಾದ ಮಲಾವಿ, ಜಾಂಬಿಯಾಗಳು ಮೆಕ್ಕೆಜೋಳದ ರಫ್ತಿನ ಗೇಟನ್ನು ಎಷ್ಟು ಸಲ ತೆರೆದು ಮುಚ್ಚಿವೆಯೆಂದರೆ ಅಲ್ಲಿನ ವ್ಯಾಪಾರಿಗಳು ಗೋದಾಮು ಕಟ್ಟುವುದಕ್ಕೇ ಹಿಂಜರಿಯುತ್ತಾರೆ. ನಗರದ ಗ್ರಾಹಕನೂ ಬಡವನೇ ಇರಬಹುದು, ಅವನ ತಟ್ಟೆಯ ಚಿಂತೆ ತಪ್ಪಲ್ಲ. ಆದರೆ ಆ ಚಿಂತೆಯ ಖರ್ಚನ್ನು ಬೊಕ್ಕಸ ಹೊರಬೇಕೇ ಹೊರತು ರೈತನ ಉಗ್ರಾಣವಲ್ಲ. ಬೆಳೆ ವಿಮೆ ಇದೆಯಲ್ಲ ಎನ್ನುವವರಿಗೆ ನೆನಪಿಸಬೇಕಾದದ್ದು: 2016ರಲ್ಲಿ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಪರಿಹಾರ ಸಿಗುವುದು ಇಳುವರಿ ಹೋದರೆ, ಬೆಲೆ ಬಿದ್ದರೆ ಅಲ್ಲ. ಬೆಂಬಲ ಬೆಲೆ ಘೋಷಣೆಯಾಗುವುದು ಇಪ್ಪತ್ತಕ್ಕೂ ಹೆಚ್ಚು ಬೆಳೆಗಳಿಗೆ. ಆದರೆ ಆ ಬೆಲೆಗೆ ಸರಕಾರಿ ಸಂಸ್ಥೆಗಳಿಗೆ ಮಾರಲು ಸಾಧ್ಯವಾದವರು ಶೇಕಡಾ 6ರಷ್ಟು ರೈತರು ಮಾತ್ರ ಎಂದು 2015ರಲ್ಲಿ, ಭಾರತೀಯ ಆಹಾರ ನಿಗಮದ ಸುಧಾರಣೆಗೆ ನೇಮಕವಾಗಿದ್ದ ಶಾಂತಕುಮಾರ್ ಸಮಿತಿ ಹೇಳಿತ್ತು.

ಇಷ್ಟೆಲ್ಲದರ ನಡುವೆಯೂ ಸಣ್ಣ ರೈತ ಉಳಿದಿರುವುದು ಹೇಗೆ? ಬೇಸಾಯವೊಂದರಿಂದಲೇ ಅಲ್ಲ. ಭಾರತದ 2018–19ರ ಮಾದರಿ ಸಮೀಕ್ಷೆಯಲ್ಲಿ ಒಂದು ಕೃಷಿಕ ಕುಟುಂಬದ ಸರಾಸರಿ ತಿಂಗಳ ವರಮಾನ 10,218 ರೂಪಾಯಿ. ಅದರಲ್ಲಿ ಬೆಳೆಯಿಂದ ಬಂದದ್ದು 3,798, ಕೂಲಿ ಮತ್ತು ಸಂಬಳದಿಂದ 4,063. ಹೆಸರಿಗೆ ಕೃಷಿಕ ಕುಟುಂಬ, ಆದರೆ ಬೆಳೆಗಿಂತ ಕೂಲಿ–ಸಂಬಳದ ಪಾಲೇ ದೊಡ್ಡದು. ಇದನ್ನು ಕೃಷಿಯ ಸೋಲೆಂದು ಓದುವವರಿದ್ದಾರೆ. ನಾನು ಬೇರೆ ರೀತಿ ಓದುತ್ತೇನೆ. ಪಟ್ಟಣದಲ್ಲಿ ಕಟ್ಟಡದ ಕೆಲಸಕ್ಕಿರುವ ಮಗ ತಿಂಗಳಿಗಿಷ್ಟು ಕಳಿಸಿದರೆ ಅಪ್ಪ ಸುಗ್ಗಿಯಲ್ಲೇ ಕಾಳು ಮಾರಬೇಕಾಗಿಲ್ಲ. ಅದು ಕೂಡ ಕಾಯುವ ತ್ರಾಣವೇ. ಹಳ್ಳಿಗೆ ರಸ್ತೆ, ಬಸ್ಸು, ಹತ್ತಿರದಲ್ಲೊಂದು ಉದ್ಯೋಗ ಬೇಕೆನ್ನುವುದು ಕೃಷಿಯನ್ನು ಬಿಡಿಸುವ ಮಾತು ಎಂದು ಕೆಲವರು ಸಿಡುಕುತ್ತಾರೆ. ಗಳಿಕೆಗೆ ಇನ್ನೊಂದು ದಾರಿ ಇರುವ ಮನೆಯೇ ಹೊಲದ ವಿಷಯದಲ್ಲಿ ಧೈರ್ಯದಿಂದ ನಡೆದುಕೊಳ್ಳುತ್ತದೆ ಎಂಬುದು ಅವರಿಗೆ ಕಾಣುವುದಿಲ್ಲ.

ಕೆನ್ಯಾದ ಪ್ರಯೋಗದ ಇನ್ನೊಂದು ಮುಖವನ್ನು ಹೇಳುತ್ತೇನೆ ಎಂದಿದ್ದೆ. ಸಾಲ ಪಡೆದವರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದ ಕಡೆ ಅವರಿಗೆ ಒಳ್ಳೆಯ ಲಾಭವಾಯಿತು. ಹೆಚ್ಚು ಜನ ಪಡೆದು, ಹೆಚ್ಚು ಚೀಲಗಳು ಮನೆಯಲ್ಲಿ ಉಳಿದ ಸೀಮೆಗಳಲ್ಲಿ ಲಾಭ ಕುಗ್ಗಿತು. ಸುಗ್ಗಿಯಲ್ಲಿ ಸಂತೆಗೆ ಬಂದ ಮಾಲು ಕಡಿಮೆಯಾಗಿ ಆಗಿನ ಬೆಲೆ ತುಸು ಮೇಲೆ ನಿಂತಿತು, ಮುಂದೆ ಆಗಬೇಕಿದ್ದ ಏರಿಕೆ ಸಪಾಟಾಯಿತು. ಸಾಲ ಪಡೆದವರ ಖಾತೆಯನ್ನಷ್ಟೇ ನೋಡಿದರೆ ಯೋಜನೆ ಮಂಕಾದಂತೆ ಕಾಣುತ್ತದೆ. ಆದರೆ ಸಾಲ ಪಡೆಯದೆ, ಜನವರಿಯಲ್ಲೇ ಮಾರಿ ಶುಲ್ಕ ಕಟ್ಟಿದ ನೆರೆಮನೆಯವರಿಗೂ ಚೀಲಕ್ಕೆ ನಾಲ್ಕು ಕಾಸು ಹೆಚ್ಚು ಸಿಕ್ಕಿತ್ತು, ಜೂನಿನಲ್ಲಿ ಕೊಳ್ಳುವಾಗ ನಾಲ್ಕು ಕಾಸು ಉಳಿದಿತ್ತು. ನೀವು ಮುಂದೆ ಇಂಥ ಯೋಜನೆಗಳ ಮೌಲ್ಯಮಾಪನ ಮಾಡುವ ಕೆಲಸಕ್ಕೆ ಹೋದರೆ ಆ ನೆರೆಮನೆಯ ಲೆಕ್ಕವನ್ನೂ ಬರೆದುಕೊಳ್ಳಿ.